ಬೆಳ್ಳಿ ರೂಪಾಯಿಯ ದರ್ಜೆ ನೋಡುವುದು ಹೇಗೆ: ಕಾಗಿನೆಲೆ ಸೀಮೆಯ ಅನುಭವದ ಪಾಠಗಳು

ಕಾಗಿನೆಲೆ, ಬ್ಯಾಡಗಿ, ರಾಣೆಬೆನ್ನೂರು ಸೀಮೆಯ ಅನೇಕ ಹಳೆಯ ಮನೆಗಳಲ್ಲಿ ದೇವರ ಜಗಲಿಯ ಮೇಲೋ ಟ್ರಂಕಿನ ತಳದಲ್ಲೋ ನಾಲ್ಕಾರು ಬೆಳ್ಳಿ ರೂಪಾಯಿ ಸಿಗುತ್ತವೆ. ಕೆಲವು ರಾಣಿ ಛಾಪಿನವು, ಕೆಲವು ರಾಜನ ಛಾಪಿನವು. ಈ ಭಾಗ ಆಗ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿತ್ತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು, ಅಲ್ಲಿಯ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಬರುವುದು ಕಡಿಮೆಯಾದಾಗ ಧಾರವಾಡದ ಹತ್ತಿಗೆ ಎಂದೂ ಕಾಣದ ಬೆಲೆ ಬಂತು. ಹತ್ತಿ ಮಾರಿದ ರೈತನ ಕೈಗೆ ಬಂದದ್ದು ಬೆಳ್ಳಿ ರೂಪಾಯಿ. ಸಂತೆಗೆ ಖರ್ಚಾಗಿ ಉಳಿದದ್ದು ಮನೆಯೊಳಗೆ ಸೇರಿತು, ಮಗಳ ಕೊರಳಿಗೇರಿತು, ಇಲ್ಲವೇ ನೆಲಕ್ಕಿಳಿಯಿತು.

ಬೆಳ್ಳಿ ನಾಣ್ಯ ಸಂಗ್ರಹ ಎಂದರೆ ಜಗತ್ತಿನ ಬಹುಮಂದಿಗೆ ನೆನಪಾಗುವುದು ಅಮೆರಿಕದ ಬೆಳ್ಳಿ ಡಾಲರ್. ಅದಕ್ಕೂ ನಮ್ಮ ರೂಪಾಯಿಗೂ ನೇರ ಸಂಬಂಧವಿದೆ. ಮೊದಲ ಮಹಾಯುದ್ಧದ ಕಾಲದಲ್ಲಿ ಭಾರತದಲ್ಲಿ ಬೆಳ್ಳಿಯ ಅಭಾವ ಎಷ್ಟಾಯಿತೆಂದರೆ ಸರಕಾರ 1917ರಲ್ಲಿ ಒಂದು ರೂಪಾಯಿಯ ಕಾಗದದ ನೋಟು ಹೊರಡಿಸಬೇಕಾಯಿತು. ಮರುವರ್ಷ ಅಮೆರಿಕ ಪಿಟ್‌ಮನ್ ಕಾಯ್ದೆ ಮಾಡಿ 27 ಕೋಟಿಗೂ ಹೆಚ್ಚು ಬೆಳ್ಳಿ ಡಾಲರ್‌ಗಳನ್ನು ಕರಗಿಸಿತು. ಆ ಬೆಳ್ಳಿಯ ಬಹುಪಾಲು ಭಾರತಕ್ಕೆಂದೇ ಬ್ರಿಟನ್ನಿಗೆ ಮಾರಾಟವಾಗಿ, ಇಲ್ಲಿಯ ಟಂಕಸಾಲೆಗಳಲ್ಲಿ ಐದನೇ ಜಾರ್ಜ್ ರಾಜನ ರೂಪಾಯಿಯಾಯಿತು. ಹಾಗಾಗಿ ಡಾಲರಿನ ದರ್ಜೆ ನೋಡುವ ವಿದ್ಯೆಯನ್ನು ನಮ್ಮ ರೂಪಾಯಿಗೆ ಹೊಂದಿಸಿಕೊಂಡದ್ದು ನನಗೆ ಸಹಜವಾಗಿಯೇ ಕಂಡಿತು.

ಬಹಳ ಕಾಲದಿಂದ ಈ ನಾಣ್ಯಗಳನ್ನು ನೋಡುತ್ತ, ಕೂಡಿಸುತ್ತ, ಬೇರೆಯವರು ತಂದು ತೋರಿಸಿದ್ದನ್ನು ಪರೀಕ್ಷಿಸುತ್ತ ಬಂದಿದ್ದೇನೆ. ಬಂದವರು ಮೊದಲು ಕೇಳುವುದು "ಎಷ್ಟು ಬರ್ತದ್ರೀ?" ಎಂದು. ಅದಕ್ಕೆ ಉತ್ತರ ಸಿಗುವುದು ದರ್ಜೆ ನೋಡಿದ ಮೇಲೆ. ದರ್ಜೆಯೆಂದರೆ ಟಂಕಸಾಲೆಯಿಂದ ಹೊರಬಿದ್ದ ದಿನ ನಾಣ್ಯದ ಮೈ ಹೇಗಿತ್ತೋ ಅದರಲ್ಲಿ ಇಂದು ಎಷ್ಟು ಉಳಿದಿದೆ ಎಂಬ ಲೆಕ್ಕ. ಕೆಳಗಿನ ಪಾಠಗಳೆಲ್ಲ ಈ ಒಂದು ಲೆಕ್ಕಕ್ಕಾಗಿ.

1. ಮೊದಲು ನಾಣ್ಯದ ಗುರುತು ಹಿಡಿಯಿರಿ

ಯಾವ ನಾಣ್ಯ ಎಂದು ಗೊತ್ತಿಲ್ಲದೆ ದರ್ಜೆ ಹೇಳಲಾಗದು. ಈಸ್ಟ್ ಇಂಡಿಯಾ ಕಂಪನಿ 1835ರಲ್ಲಿ ತನ್ನ ಆಡಳಿತದ ಪ್ರದೇಶಕ್ಕೆಲ್ಲ ಒಂದೇ ಬಗೆಯ ರೂಪಾಯಿ ತಂದಿತು. ತೂಕ 11.66 ಗ್ರಾಂ, ಅಂದರೆ ಸರಿಯಾಗಿ ಒಂದು ತೊಲ. ನೂರರಲ್ಲಿ ಸುಮಾರು 91.7 ಭಾಗ ಬೆಳ್ಳಿ. ಮೊದಲು ನಾಲ್ಕನೇ ವಿಲಿಯಂ, 1840ರಿಂದ ವಿಕ್ಟೋರಿಯಾ. 1840ರ ರೂಪಾಯಿಯಲ್ಲಿ ಎರಡು ಬಗೆ: ರಾಣಿಯ ಹೆಸರು ತಲೆಯ ಸುತ್ತ ಒಂದೇ ಸಾಲಾಗಿ ಸಾಗುವುದು ಒಂದು, ತಲೆಯ ಎರಡೂ ಬದಿಗೆ ಒಡೆದು ನಿಲ್ಲುವುದು ಇನ್ನೊಂದು.

1862ರಿಂದ ಕಿರೀಟ ತೊಟ್ಟ ರಾಣಿ ಬಂದಳು. ಅಲ್ಲಿಂದ ಹಲವು ವರ್ಷ ನಾಣ್ಯದ ಮೇಲೆ 1862 ಎಂಬ ಇಸವಿಯೇ ಉಳಿಯಿತು. ಮುಂಬಯಿ ಟಂಕಸಾಲೆ ಮಾತ್ರ ವರ್ಷದ ಗುರುತಿಗೆ ಸಣ್ಣ ಚುಕ್ಕೆಗಳನ್ನು ಸೇರಿಸುತ್ತ ಹೋಯಿತು. 1877ರಿಂದ ಕ್ವೀನ್ ಹೋಗಿ ಎಂಪ್ರೆಸ್ ಬಂತು. 1903ರಿಂದ 1910ರವರೆಗೆ ಬರಿತಲೆಯ ಏಳನೇ ಎಡ್ವರ್ಡ್, 1911ರಿಂದ ಐದನೇ ಜಾರ್ಜ್, 1938ರಿಂದ ಆರನೇ ಜಾರ್ಜ್. 1940ರಿಂದ ರೂಪಾಯಿಯ ಬೆಳ್ಳಿ ಅರ್ಧಕ್ಕಿಳಿಯಿತು. 1947ರ ಹುಲಿ ಛಾಪಿನ ರೂಪಾಯಿಯಲ್ಲಿ ಬೆಳ್ಳಿಯೇ ಇಲ್ಲ, ಅದು ನಿಕಲ್. ಈ ಸಾಲು ಬಾಯಿಪಾಠ ಇದ್ದವರಿಗೆ ಅರ್ಧ ಕೆಲಸ ಮುಗಿದಂತೆ.

2. ತಕ್ಕಡಿ ಮೊದಲು, ಭೂತಗನ್ನಡಿ ಆಮೇಲೆ

ನಕಲಿ ನಾಣ್ಯಕ್ಕೆ ದರ್ಜೆಯಿಲ್ಲ. ಆದ್ದರಿಂದ ಮೊದಲು ತೂಗಬೇಕು. ಪತ್ತಾರರ ಬಳಿ ಇರುವಂಥ, ಗ್ರಾಮಿನ ನೂರನೇ ಭಾಗ ತೋರಿಸುವ ಸಣ್ಣ ತಕ್ಕಡಿ ಸಾಕು. ಬಹಳ ಸವೆದ ರೂಪಾಯಿ 11.66ಕ್ಕಿಂತ ಒಂದಿಷ್ಟು ಕಡಿಮೆ ತೂಗಬಹುದು. ಚೆನ್ನಾಗಿರುವಂತೆ ಕಾಣುವ ರೂಪಾಯಿ 11 ಗ್ರಾಂ ಕೂಡ ತೂಗದಿದ್ದರೆ ಅನುಮಾನ ಪಡಬೇಕು. ತೂಕ ಹೆಚ್ಚಿದ್ದರಂತೂ ಇನ್ನೂ ಹೆಚ್ಚು ಅನುಮಾನ.

ತೂಕ ಸರಿಯಾಗಿದ್ದರೂ ನಾನು ನೀರಿನ ಪರೀಕ್ಷೆ ಮಾಡುತ್ತೇನೆ. ತಕ್ಕಡಿಯ ಮೇಲೆ ಒಂದು ಲೋಟ ನೀರಿಟ್ಟು ಅಂಕಿಯನ್ನು ಸೊನ್ನೆಗೆ ತರಬೇಕು. ನಾಣ್ಯವನ್ನು ತೆಳು ದಾರಕ್ಕೆ ಕಟ್ಟಿ ನೀರಿನಲ್ಲಿ ಪೂರ್ತಿ ಮುಳುಗುವಂತೆ, ತಳಕ್ಕೂ ಬದಿಗೂ ತಾಗದಂತೆ ಇಳಿಬಿಡಬೇಕು. ಹಳೆಯ ಒಳ್ಳೆ ಬೆಳ್ಳಿ ರೂಪಾಯಿಯಾದರೆ ತಕ್ಕಡಿ ಸುಮಾರು 1.13 ಗ್ರಾಂ ತೋರಿಸುತ್ತದೆ. ಒಣ ತೂಕವನ್ನು ಈ ಅಂಕಿಯಿಂದ ಭಾಗಿಸಿದರೆ 10.3ರ ಆಸುಪಾಸು ಬರಬೇಕು. ನಾಣ್ಯ ಸವೆದಿದ್ದರೂ ಈ ಪ್ರಮಾಣ ಬದಲಾಗದು. 1940ರ ನಂತರದ ಅರ್ಧ ಬೆಳ್ಳಿಯ ರೂಪಾಯಿಗೆ ಉತ್ತರ ಹತ್ತಕ್ಕಿಂತ ಕೆಳಗೆ ಬರುತ್ತದೆ. ಎರಕ ಹೊಯ್ದ ನಕಲಿಗಳಲ್ಲಿ ಅಂಚಿನ ಗೆರೆಗಳ ನಡುವೆ ಕೂಡಿಕೆಯ ಗುರುತು ಕಾಣುತ್ತದೆ, ಬಯಲಿನಲ್ಲಿ, ಅಂದರೆ ಚಿತ್ರವೂ ಅಕ್ಷರವೂ ಇಲ್ಲದ ಬರಿ ಜಾಗದಲ್ಲಿ, ಸೂಜಿ ಚುಚ್ಚಿದಂಥ ರಂಧ್ರಗಳಿರುತ್ತವೆ, ಅಕ್ಷರಗಳ ಅಂಚು ಮೊಂಡಾಗಿರುತ್ತದೆ. ಆಯಸ್ಕಾಂತಕ್ಕೆ ಅಂಟಿದ್ದು ಬೆಳ್ಳಿಯಾಗಲು ಸಾಧ್ಯವೇ ಇಲ್ಲ.

ದೀಪಾವಳಿ ಪೂಜೆಗೆಂದು ಈಗಿನವರು ಹೊಸದಾಗಿ ಒತ್ತಿಸಿ ಮಾರುವ ರಾಣಿ ಛಾಪಿನ, ರಾಜನ ಛಾಪಿನ ಬೆಳ್ಳಿ ಬಿಲ್ಲೆಗಳೂ ಹಳೆಯ ರೂಪಾಯಿಗಳೊಂದಿಗೆ ಬೆರೆತಿರುತ್ತವೆ. ಪೂಜೆಗೆ ಅವು ಸರಿ, ಸಂಗ್ರಹಕ್ಕಲ್ಲ.

3. ಒಂದೇ ದೀಪದ ಕೆಳಗೆ, ಓರೆಯಾಗಿ ನೋಡಿ

ಬಿಸಿಲಿನಲ್ಲಿ ಹಿಡಿದು ನೋಡಿದರೆ ಎಲ್ಲ ನಾಣ್ಯವೂ ಚೆಂದ. ಟ್ಯೂಬ್‌ಲೈಟಿನ ಕೆಳಗೆ ಎಲ್ಲವೂ ಒಂದೇ. ದರ್ಜೆ ನೋಡಲು ಮಬ್ಬುಗತ್ತಲೆಯ ಕೋಣೆಯಲ್ಲಿ ಮೇಜಿನ ಮೇಲೆ ಒಂದೇ ಬಲ್ಬಿನ ದೀಪ ಬೇಕು. ಕೆಳಗೆ ಮೆತ್ತನೆಯ ಬಟ್ಟೆ ಹಾಸಿ, ನಾಣ್ಯವನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಅಂಚಿನಲ್ಲಿ ಹಿಡಿದು, ದೀಪದ ಕೆಳಗೆ ನಿಧಾನ ಓರೆ ಮಾಡುತ್ತ ಸುತ್ತಿಸಬೇಕು.

ಟಂಕಸಾಲೆಯಲ್ಲಿ ಅಚ್ಚಿನ ಪೆಟ್ಟು ಬಿದ್ದಾಗ ಲೋಹ ನಡುವಿನಿಂದ ಅಂಚಿನ ಕಡೆಗೆ ಹರಿಯುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಗೆರೆಗಳು ಮೈಮೇಲೆ ಉಳಿಯುತ್ತವೆ. ಬಳಸದ ನಾಣ್ಯವನ್ನು ಓರೆ ಮಾಡಿದಾಗ ಆ ಗೆರೆಗಳಿಂದ ಎದ್ದ ಬೆಳಕು ಎತ್ತಿನ ಬಂಡಿಯ ಗಾಲಿಯ ಅರಗಳಂತೆ ನಾಣ್ಯದ ಸುತ್ತ ತಿರುಗುತ್ತದೆ. ಟಂಕಸಾಲೆಯ ಹೊಳಪು ಎಂದರೆ ಇದು. ಈ ತಿರುಗುವ ಬೆಳಕು ಎಲ್ಲಿಯೂ ಕಡಿಯದೆ ಸುತ್ತಿದರೆ ನಾಣ್ಯ ಬಳಕೆಯಾಗಿಲ್ಲ. ಕೆನ್ನೆಯ ಮೇಲೆ, ಬಯಲಿನಲ್ಲಿ ಅಲ್ಲಲ್ಲಿ ಕಡಿದರೆ ಒಂದಿಷ್ಟು ಕೈಯಾಡಿದೆ. ಅಕ್ಷರಗಳ ಸಂದಿಯಲ್ಲಿ ಮಾತ್ರ ಉಳಿದಿದ್ದರೆ ಸಂತೆಯನ್ನು ಚೆನ್ನಾಗಿಯೇ ತಿರುಗಿ ಬಂದಿದೆ. ಮೊದಲು ಬರಿಗಣ್ಣಿನಿಂದ ನೋಡಿ ಅಭಿಪ್ರಾಯ ಮಾಡಿಕೊಳ್ಳಿ. ಅನುಮಾನ ಬಂದ ಜಾಗಕ್ಕೆ ಮಾತ್ರ ಐದು ಅಥವಾ ಹತ್ತು ಪಟ್ಟಿನ ಭೂತಗನ್ನಡಿ ಹಿಡಿಯಿರಿ. ಮೊದಲೇ ಭೂತಗನ್ನಡಿ ಹಿಡಿದವರಿಗೆ ಗೀರು ಮಾತ್ರ ಕಾಣುತ್ತದೆ, ನಾಣ್ಯ ಕಾಣುವುದಿಲ್ಲ.

4. ಸವೆತ ಶುರುವಾಗುವುದು ಎತ್ತರದ ಜಾಗದಲ್ಲಿ

ಪ್ರತಿ ಛಾಪಿಗೂ ಮೊದಲು ಸವೆಯುವ ಜಾಗಗಳು ಬೇರೆ ಬೇರೆ. ಅವನ್ನು ತಿಳಿದರೆ ಎರಡು ಕ್ಷಣದಲ್ಲಿ ದರ್ಜೆಯ ಅಂದಾಜು ಸಿಗುತ್ತದೆ.

ವಿಲಿಯಂ ರೂಪಾಯಿಯಲ್ಲಿ ಕಿವಿಯ ಮೇಲಿನ ಕೂದಲು, ಹಿಂಬದಿಯಲ್ಲಿ ಎಲೆಮಾಲೆಯ ಎಲೆಗಳ ನಡುನರ. ಕಿರೀಟದ ರಾಣಿಯಲ್ಲಿ ಕೆನ್ನೆ, ಹಣೆಯ ಪಕ್ಕದ ಕೂದಲಿನ ಎಳೆಗಳು, ಕಿರೀಟದ ಮುತ್ತುಗಳು, ಎದೆಯ ಮೇಲಿನ ಕಸೂತಿ. ಕಸೂತಿಯ ಹೂವಿನ ದಳಗಳು ಒಂದೊಂದಾಗಿ ಎಣಿಸುವಂತಿದ್ದರೆ ಅದು ಉತ್ತಮ ನಾಣ್ಯ. ಹೂವಿನ ಹೊರಗೆರೆ ಮಾತ್ರ ಉಳಿದಿದ್ದರೆ ನಡುವಿನ ದರ್ಜೆ. ಎದೆ ಪೂರ್ತಿ ನುಣುಪಾಗಿದ್ದರೆ ಬೆಳ್ಳಿಯ ಬೆಲೆಗೆ ಹತ್ತಿರ ಬಂದಂತೆ. ಎಡ್ವರ್ಡ್ ರಾಜನಲ್ಲಿ ಕಿವಿಯ ಮೇಲಿನ ಕೂದಲು ಮತ್ತು ಗಡ್ಡ, ಹಿಂಬದಿಯಲ್ಲಿ ಮೇಲಿನ ಕಿರೀಟ.

ಐದನೇ ಜಾರ್ಜ್ ನಾಣ್ಯದಲ್ಲಿ ನಾನು ಮೊದಲು ನೋಡುವುದು ಕಿರೀಟದ ಮುತ್ತಿನ ಸಾಲು, ಹುಬ್ಬು ಮತ್ತು ಕೊರಳಹಾರದಲ್ಲಿರುವ ಪುಟ್ಟ ಆನೆ. ಮುಂಬಯಿಯ 1918ರ ಎರಡು ರೂಪಾಯಿ ಅಕ್ಕಪಕ್ಕ ಇಟ್ಟು ನೋಡಿ. ಒಂದರಲ್ಲಿ ಆನೆಯ ಸೊಂಡಿಲು, ಕಾಲು, ಬೆನ್ನಿನ ಬಳುಕು ಎಲ್ಲ ಬಿಡಿಬಿಡಿಯಾಗಿ ಕಾಣುತ್ತವೆ. ಇನ್ನೊಂದರಲ್ಲಿ ಆನೆ ಕಾಳಿನಷ್ಟು ಗಾತ್ರದ ಉಬ್ಬಾಗಿ ಉಳಿದಿರುತ್ತದೆ. ಇಸವಿ ಒಂದೇ, ಟಂಕಸಾಲೆ ಒಂದೇ, ತೂಕದಲ್ಲಿ ಹೆಚ್ಚುಕಡಿಮೆ ಇಲ್ಲವೆನ್ನುವಷ್ಟೇ ವ್ಯತ್ಯಾಸ. ಆ ಆನೆಯಲ್ಲೇ ಎರಡರ ದರ್ಜೆಯ ಅಂತರ ನಿಮಗೆ ಕಾಣಬೇಕು.

5. ಅಚ್ಚು ಸರಿಯಾಗಿ ಬೀಳದ್ದು ಬೇರೆ, ಸವೆದದ್ದು ಬೇರೆ

ಟಂಕಸಾಲೆಯಿಂದ ಬರುವಾಗಲೇ ಕೆಲವು ನಾಣ್ಯಗಳಲ್ಲಿ ಎತ್ತರದ ಜಾಗ ಪೂರ್ತಿ ಮೂಡಿರುವುದಿಲ್ಲ. ಪೆಟ್ಟಿನ ಒತ್ತಡ ಸಾಲದಿರಬಹುದು, ಅಚ್ಚು ಹಳತಾಗಿರಬಹುದು. ಅಮೆರಿಕದ ಮಾರ್ಗನ್ ಡಾಲರ್ ಇದಕ್ಕೆ ಒಳ್ಳೆಯ ಉದಾಹರಣೆ. 1878ರಿಂದ 1904ರವರೆಗೆ, ಮತ್ತೆ 1921ರಲ್ಲಿ ಒತ್ತಿದ ಈ ನಾಣ್ಯ ನ್ಯೂ ಆರ್ಲಿಯನ್ಸ್ ಟಂಕಸಾಲೆಯದಾದರೆ ಅದರ ಮುಖದ ಬದಿಯಲ್ಲಿರುವ ಸ್ವಾತಂತ್ರ್ಯದೇವಿಯ ಕಿವಿಯ ಮೇಲಿನ ಕೂದಲೂ ಹಿಂಬದಿಯ ಹದ್ದಿನ ಎದೆಯೂ ಎಷ್ಟೋ ಸಲ ಮಂಕಾಗಿರುತ್ತವೆ. ಸ್ಯಾನ್ ಫ್ರಾನ್ಸಿಸ್ಕೋದ ನಾಣ್ಯಗಳಲ್ಲಿ ಅದೇ ಜಾಗ ಗರಿ ಗರಿಯಾಗಿ ಎದ್ದಿರುತ್ತದೆ.

ಎರಡನ್ನೂ ಬೇರ್ಪಡಿಸುವುದು ಬೆಳಕು. ಮೂಡದ ಜಾಗದ ಮೇಲೆಯೂ ಟಂಕಸಾಲೆಯ ಹೊಳಪು ಹರಿದಿದ್ದರೆ ಅದು ಅಚ್ಚಿನ ಕೊರತೆ. ಅದೇ ಜಾಗ ಸುತ್ತಲಿಗಿಂತ ಬೂದುಬಣ್ಣಕ್ಕೆ ತಿರುಗಿ ಮಂಕಾಗಿದ್ದರೆ ಅದು ಸವೆತ. ಅಚ್ಚಿನ ಕೊರತೆಯಿರುವ ನಾಣ್ಯವನ್ನು ಬಳಸಿದ ನಾಣ್ಯವೆಂದು ಕೆಳಗಿಳಿಸಬೇಡಿ. ಹಾಗೆಯೇ "ಅಚ್ಚು ಸರಿಯಾಗಿ ಬಿದ್ದಿಲ್ಲ ಅಷ್ಟೇ" ಎಂಬ ಮಾತು ನಂಬಿ ಸವೆದ ನಾಣ್ಯಕ್ಕೆ ಹೆಚ್ಚು ದುಡ್ಡು ಕೊಡಬೇಡಿ.

6. ತಿಕ್ಕಿದ ಹೊಳಪು ನಾಣ್ಯದ ಸಾವು

ನಮ್ಮ ಸೀಮೆಯಲ್ಲಿ ಒಳ್ಳೆಯ ನಾಣ್ಯಗಳನ್ನು ಹಾಳು ಮಾಡಿದ್ದು ಕಳ್ಳರಲ್ಲ, ಪ್ರೀತಿಯಿಂದ ಮಾಡಿದ ತೊಳೆತ. ವರ್ಷಕ್ಕೊಮ್ಮೆ ದೀಪಾವಳಿಯ ಲಕ್ಷ್ಮೀಪೂಜೆಗೆ ರೂಪಾಯಿಗಳು ಟ್ರಂಕಿನಿಂದ ಹೊರಬರುತ್ತವೆ. ಹುಣಸೆಹಣ್ಣು ಹಚ್ಚಿ, ವಿಭೂತಿಯಿಂದ ತಿಕ್ಕಿ, ಬಟ್ಟೆಯಿಂದ ಒರೆಸಿ ಥಳಥಳ ಎನ್ನುವಂತೆ ಮಾಡಿ ಜಗಲಿಯ ಮೇಲಿಡುತ್ತಾರೆ. ಈಗ ಹಲ್ಲುಜ್ಜುವ ಪೇಸ್ಟೂ ಬಂದಿದೆ. ಒಂದು ಮನೆಯಲ್ಲಿ ಮೂರು ತಲೆಮಾರು ಹೀಗೆ ತೊಳೆದರೆ ಸಂತೆಯಲ್ಲಿ ಸವೆದದ್ದಕ್ಕಿಂತ ಹೆಚ್ಚು ದೇವರ ಮನೆಯಲ್ಲೇ ಸವೆದಿರುತ್ತದೆ.

ಹುಣಸೆಯ ಹುಳಿ ಹಚ್ಚಿ ಉಜ್ಜಿದರೆ ನಾಣ್ಯದ ಮೈ ಕೆಡುತ್ತದೆ. ವಿಭೂತಿಯ ಹಿಟ್ಟು ಎಷ್ಟೇ ನುಣ್ಣಗಿದ್ದರೂ ಬೆಳ್ಳಿಯನ್ನು ಗೀರುತ್ತದೆ. ಮೂರನೇ ಪಾಠದಲ್ಲಿ ಹೇಳಿದ ಆ ಸಣ್ಣ ಗೆರೆಗಳು ಒಮ್ಮೆ ಅಳಿಸಿದರೆ ಜಗತ್ತಿನ ಯಾವ ವಿದ್ಯೆಯಿಂದಲೂ ಮರಳಿ ಬರುವುದಿಲ್ಲ. ತೊಳೆದ ನಾಣ್ಯ ಹೊಳೆಯುತ್ತದೆ ನಿಜ, ಆದರೆ ಬೆಳಕು ತಿರುಗುವುದಿಲ್ಲ. ಓರೆ ಮಾಡಿದರೆ ಇಡೀ ಮೈ ಒಂದೇ ಸಲ ಮಿಂಚಿ ಒಂದೇ ಸಲ ಆರುತ್ತದೆ. ಭೂತಗನ್ನಡಿಯಲ್ಲಿ ಒಂದೇ ದಿಕ್ಕಿಗೆ ಎಳೆದ ಕೂದಲೆಳೆಯಂಥ ಗೀರುಗಳು ಕಾಣುತ್ತವೆ. ಅಕ್ಷರಗಳ ಬುಡದಲ್ಲಿ ಬಿಳಿ ಪುಡಿ ಅಥವಾ ಕಪ್ಪು ಕೊಳೆ ಸಿಕ್ಕಿಕೊಂಡಿದ್ದು, ಬಯಲು ಮಾತ್ರ ಬೆಳ್ಳಗಿದ್ದರೆ ತಿಕ್ಕಿದ್ದಾರೆ ಎಂದೇ ತಿಳಿಯಿರಿ.

ಬ್ಯಾಡಗಿ ಕಡೆಯ ಒಬ್ಬ ತಾಯಿ ಸೆರಗಿನಲ್ಲಿ ಕಟ್ಟಿಕೊಂಡು ತಂದಿದ್ದ ರಾಣಿ ರೂಪಾಯಿಗಳನ್ನು ನನ್ನ ಮೇಜಿನ ಮೇಲೆ ಸುರಿದು, "ತೊಳ್ಕೊಂಡು ಬರಬೇಕಿತ್ರೀ, ಕರ‍್ರಗಾಗ್ಯಾವು" ಎಂದರು. "ತೊಳೀದ ತಂದದ್ದ ಛಲೋ ಆತವ್ವಾ" ಎಂದೆ. ಕಪ್ಪಗಿದ್ದ ಆ ನಾಣ್ಯಗಳಲ್ಲಿ ಎರಡರ ಮೇಲೆ ರಾಣಿಯ ಕೆನ್ನೆ, ಕಸೂತಿ, ಕಿರೀಟ ಎಲ್ಲವೂ ಹಾಗೆಯೇ ಉಳಿದಿದ್ದವು, ಕಪ್ಪಿನ ಕೆಳಗೆ ಬೆಳಕು ತಿರುಗುತ್ತಿತ್ತು. ತೊಳೆದಿದ್ದರೆ ಆ ಎರಡೂ ಗುಂಪಿನ ಉಳಿದವುಗಳ ಜೊತೆ ತೂಕದ ಲೆಕ್ಕಕ್ಕೆ ಸೇರುತ್ತಿದ್ದವು.

7. ಕಪ್ಪನ್ನು ಓದಲು ಕಲಿಯಿರಿ

ಗಾಳಿಯಲ್ಲಿರುವ ಗಂಧಕದ ಅಂಶ ಬೆಳ್ಳಿಗೆ ತಾಗಿ ಬರುವ ಬಣ್ಣ ಅದು. ತೆಳುವಾಗಿದ್ದಾಗ ಬಂಗಾರದ ಹಳದಿ, ಮುಂದೆ ಕೆಂಪು, ನೀಲಿ, ಕೊನೆಗೆ ಕಪ್ಪು. ನಿಧಾನವಾಗಿ, ತಾನಾಗಿ ಬಂದ ಬಣ್ಣ ಅಂಚಿನಿಂದ ನಡುವಿಗೆ ಹದವಾಗಿ ಇಳಿಯುತ್ತದೆ, ಅದರ ಕೆಳಗೆ ಟಂಕಸಾಲೆಯ ಹೊಳಪು ಜೀವಂತವಾಗಿರುತ್ತದೆ. ಅಂಥ ಬಣ್ಣಕ್ಕೆ ಸಂಗ್ರಾಹಕರು ಹೆಚ್ಚು ಬೆಲೆ ಕೊಡುವುದೂ ಉಂಟು.

ತೊಳೆದ ನಾಣ್ಯಕ್ಕೆ ಗಂಧಕದ ಹೊಗೆ ಹಿಡಿಸಿ ಹಳತಿನಂತೆ ಮಾಡುವವರಿದ್ದಾರೆ. ಅಲ್ಲಿ ಬಣ್ಣ ಗೀರುಗಳ ಮೇಲೆಯೇ ಕುಳಿತಿರುತ್ತದೆ, ಎತ್ತರಕ್ಕೂ ತಗ್ಗಿಗೂ ಒಂದೇ ಸಮ ಹರಡಿರುತ್ತದೆ. ನೆಲದಲ್ಲಿ ಹೂತಿದ್ದ ನಾಣ್ಯಗಳ ಕಥೆ ಬೇರೆ. ಹಗೇವಿನ ಬದಿಯಲ್ಲೋ ಗೋಡೆಯ ಬುಡದಲ್ಲೋ ವರ್ಷಗಟ್ಟಲೆ ತೇವದಲ್ಲಿದ್ದ ಬೆಳ್ಳಿಯ ಮೇಲೆ ಮಣ್ಣಿನ ಉಪ್ಪು ಸೇರಿ ಬೂದುಬಣ್ಣದ ಗಟ್ಟಿ ಚಕ್ಕೆ ಕಟ್ಟುತ್ತದೆ. ಅದನ್ನು ಕೆರೆದರೆ ಕೆಳಗೆ ಗುಳಿ ಬಿದ್ದ ಮೈ ಸಿಗುತ್ತದೆ. ಅಂಥದ್ದನ್ನು ಹಾಗೆಯೇ ಬಿಡುವುದು ಲೇಸು.

8. ಕೊಂಡಿ, ತೂತು, ಉಳಿಯ ಗುರುತು

ನಮ್ಮ ಸೀಮೆಯ ರೂಪಾಯಿಗಳಲ್ಲಿ ಬಹಳಷ್ಟು ಕೊರಳಿನಲ್ಲಿದ್ದು ಬಂದವು. ಲಂಬಾಣಿ ತಾಂಡಾಗಳ ಹೆಣ್ಣುಮಕ್ಕಳ ಆಭರಣಗಳಲ್ಲಿ ರೂಪಾಯಿ, ಎಂಟಾಣೆ, ಪಾವಲಿ ಸಾಲಾಗಿರುತ್ತವೆ. ಕೊಂಡಿ ಬೆಸೆದು, ತೂತು ಕೊರೆದು ಮಾಡಿದ ಸರಗಳವು. ನಾಣ್ಯ ಸಂಗ್ರಹದ ಲೆಕ್ಕದಲ್ಲಿ ಕೊಂಡಿ ಬೆಸೆದ ನಾಣ್ಯಕ್ಕೆ ದರ್ಜೆಯ ಸಂಖ್ಯೆ ಸಿಗದು. ಕೊಂಡಿ ತೆಗೆದು ಅಂಚಿನ ಗೆರೆಗಳನ್ನು ಮತ್ತೆ ಕೊರೆದು ಮಾರುವವರಿರುತ್ತಾರೆ. ಆದ್ದರಿಂದ ಅಂಚನ್ನು ಪೂರ್ತಿ ಒಂದು ಸುತ್ತು ನೋಡಲೇಬೇಕು. ಸಾಮಾನ್ಯವಾಗಿ ರಾಜನ ತಲೆಯ ನೇರ ಮೇಲೆ, ಗಡಿಯಾರದ ಹನ್ನೆರಡರ ಜಾಗದಲ್ಲಿ, ಗೆರೆಗಳು ಅಸಮವಾಗಿದ್ದರೆ ಅಥವಾ ಬೆಳ್ಳಿಯ ಬಣ್ಣ ಬೇರೆಯಾಗಿದ್ದರೆ ಅಲ್ಲಿ ಕೊಂಡಿ ಇತ್ತು. ಬೆಳ್ಳಿ ಒಳಗೂ ಇದೆಯೇ ಎಂದು ಪರೀಕ್ಷಿಸಲು ಹಿಂದೆ ಸರಾಫರು ಹಾಕಿದ ಉಳಿಯ ಗುರುತುಗಳಿಗೂ ಇದೇ ನಿಯಮ.

ಆದರೆ ಒಂದು ಮಾತು ಮನಸ್ಸಿನಿಂದ ಹೇಳುತ್ತೇನೆ. ಪೂರ್ತಿ ಸರ ಹಾಗೆಯೇ ಉಳಿದಿದ್ದರೆ ಅದನ್ನು ಬಿಡಿಸಬೇಡಿ. ಬಿಡಿ ನಾಣ್ಯವಾಗಿ ಅದಕ್ಕೆ ದರ್ಜೆಯಿಲ್ಲದಿರಬಹುದು. ಒಂದು ಮನೆತನದ ಹೆಣ್ಣುಮಕ್ಕಳು ಕೂಡಿಸಿಟ್ಟ ಆಸ್ತಿಯಾಗಿ ಅದರ ಬೆಲೆ ಬೇರೆಯೇ.

9. ಚೀಲದ ಪೆಟ್ಟನ್ನು ಸವೆತವೆಂದು ಎಣಿಸಬೇಡಿ

ಬಳಸದ ನಾಣ್ಯಕ್ಕೂ ಗಾಯಗಳಾಗುತ್ತವೆ. ಟಂಕಸಾಲೆಯಿಂದ ಚೀಲ ತುಂಬಿ ಸಾಗಿಸುವಾಗ ನಾಣ್ಯಕ್ಕೆ ನಾಣ್ಯ ಬಡಿದು ಸಣ್ಣ ಕಚ್ಚುಗಳು ಬೀಳುತ್ತವೆ. ಅಮೆರಿಕದ ಖಜಾನೆಯಲ್ಲಿ ಸಾವಿರ ಡಾಲರಿನ ಚೀಲಗಳಲ್ಲಿ ಬಿದ್ದಿದ್ದ ಮಾರ್ಗನ್ ಡಾಲರ್‌ಗಳು 1960ರ ದಶಕದಲ್ಲಿ ರಾಶಿರಾಶಿಯಾಗಿ ಹೊರಬಂದವು. ಅವು ಅಂಗಡಿ ಕಂಡವಲ್ಲ, ಆದರೂ ದೇವಿಯ ಕೆನ್ನೆಯ ತುಂಬ ಕಚ್ಚುಗಳು. ಹೀಗಾಗಿ ಬಳಸದ ನಾಣ್ಯಗಳೊಳಗೇ ಹತ್ತಾರು ಮೆಟ್ಟಿಲು ಮಾಡಬೇಕಾಯಿತು.

ನಮ್ಮ ರೂಪಾಯಿಯಲ್ಲೂ ಅದೇ ಕ್ರಮ ಹಿಡಿಯಿರಿ. ಕಚ್ಚು ಎಲ್ಲಿದೆ ಎಂಬುದು ಎಷ್ಟಿವೆ ಎಂಬುದಕ್ಕಿಂತ ಮುಖ್ಯ. ರಾಣಿಯ ಕೆನ್ನೆಯ ನಡುವೆ ಬಿದ್ದ ಒಂದು ಕಚ್ಚು ಹಿಂಬದಿಯ ಹೂಬಳ್ಳಿಯೊಳಗೆ ಅಡಗಿದ ಐದು ಕಚ್ಚುಗಳಿಗಿಂತ ಭಾರ.

10. ಸಂಖ್ಯೆಯ ಏಣಿ ಗೊತ್ತಿರಲಿ, ಅದರ ಮಿತಿಯೂ ಗೊತ್ತಿರಲಿ

ಇಂದು ಜಗತ್ತಿನೆಲ್ಲೆಡೆ ನಡೆಯುವುದು 1ರಿಂದ 70ರವರೆಗಿನ ಏಣಿ. ವಿಲಿಯಂ ಶೆಲ್ಡನ್ 1949ರಲ್ಲಿ ಅಮೆರಿಕದ ಹಳೆಯ ತಾಮ್ರದ ಸೆಂಟುಗಳಿಗಾಗಿ ಇದನ್ನು ಮಾಡಿದ. 1986ರಲ್ಲಿ ಪಿಸಿಜಿಎಸ್, 1987ರಲ್ಲಿ ಎನ್‌ಜಿಸಿ ಎಂಬ ಸಂಸ್ಥೆಗಳು ಶುರುವಾಗಿ ನಾಣ್ಯಕ್ಕೆ ಸಂಖ್ಯೆ ಕೊಟ್ಟು ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಮುಚ್ಚಿ ಕೊಡುವ ಪದ್ಧತಿ ಬೆಳೆಯಿತು. ಭಾರತದ ಸಂಗ್ರಾಹಕರೂ ಈಗ ಆ ಪೆಟ್ಟಿಗೆಗಳನ್ನೇ ನೆಚ್ಚುತ್ತಾರೆ.

ವಿಕ್ಟೋರಿಯಾ ರೂಪಾಯಿಗೆ ನಾನು ಹೀಗೆ ಅನ್ವಯಿಸುತ್ತೇನೆ. ಅಕ್ಷರ, ಇಸವಿ ಪೂರ್ತಿ ಓದಲು ಬಂದು, ಕೂದಲು ಒಂದೇ ಮುದ್ದೆಯಾಗಿದ್ದರೆ ಫೈನ್, ಅಂದರೆ 12 ಅಥವಾ 15. ಕೂದಲಿನ ದಪ್ಪ ಎಳೆಗಳು, ಕಸೂತಿಯ ಹೊರಗೆರೆ ಕಂಡರೆ ವೆರಿ ಫೈನ್, 20ರಿಂದ 35. ಸಣ್ಣ ಎಳೆಗಳೂ ಕಂಡು, ಕೆನ್ನೆ ಮತ್ತು ಕಸೂತಿಯ ತುದಿಯಲ್ಲಿ ಮಾತ್ರ ಸವೆತವಿದ್ದರೆ ಎಕ್ಸ್‌ಟ್ರೀಮ್ಲಿ ಫೈನ್, 40 ಅಥವಾ 45. ಹೊಳಪು ಬಹುಮಟ್ಟಿಗೆ ಉಳಿದು, ಎತ್ತರದ ತುದಿಯಲ್ಲಿ ಒಂದಿಷ್ಟು ಮಂಕಾಗಿದ್ದರೆ 50ರಿಂದ 58. ಸವೆತದ ಸುಳಿವೇ ಇಲ್ಲದಿದ್ದರೆ 60ರಿಂದ ಮೇಲೆ. ತೊಳೆದ, ಕೊಂಡಿ ತೆಗೆದ ನಾಣ್ಯಕ್ಕೆ ಆ ಸಂಸ್ಥೆಗಳು ಸಂಖ್ಯೆ ಕೊಡದೆ, ದೋಷವೇನೆಂದು ಬರೆದು ಡೀಟೇಲ್ಸ್ ಎಂಬ ಗುರುತಿನೊಂದಿಗೆ ಕಳಿಸುತ್ತವೆ.

ಎರಡೂ ಬದಿಯ ದರ್ಜೆ ಬೇರೆ ಬೇರೆಯಿದ್ದರೆ ಮುಖದ ಬದಿಗೆ ಹೆಚ್ಚು ತೂಕ ಕೊಡಿ. ಎರಡು ದರ್ಜೆಗಳ ನಡುವೆ ಮನಸ್ಸು ಹೊಯ್ದಾಡಿದರೆ ಕೊಳ್ಳುವಾಗ ಕೆಳಗಿನದನ್ನೇ ಹಿಡಿಯಿರಿ. ಒಂದೇ ನಾಣ್ಯವನ್ನು ಮರುದಿನ ಬೆಳಿಗ್ಗೆ ಹಳೆಯ ಅಭಿಪ್ರಾಯ ನೋಡದೆ ಮತ್ತೆ ಅಳೆಯುವುದು ಕಣ್ಣಿಗೆ ದೊಡ್ಡ ಶಿಕ್ಷಣ.

11. ದರ್ಜೆ ಒಂದು, ಅಪರೂಪತೆ ಇನ್ನೊಂದು

ಹಳತು ಎಂದ ಮಾತ್ರಕ್ಕೆ ಅಪರೂಪವಲ್ಲ. 1840ರ, 1862ರ ರೂಪಾಯಿಗಳು ಎಲ್ಲೆಡೆ ಸಿಗುತ್ತವೆ. ಅಪರೂಪವಾದದ್ದು ಅವುಗಳಲ್ಲಿ ಬಳಸದೆ ಉಳಿದದ್ದು.

ಐದನೇ ಜಾರ್ಜನ 1911ರ ರೂಪಾಯಿಯ ಕೊರಳಹಾರದಲ್ಲಿದ್ದ ಆನೆ ಹಂದಿಯಂತೆ ಕಾಣುತ್ತದೆಂದು ಜನ ಆಕ್ಷೇಪ ಎತ್ತಿದ್ದರಿಂದ ಸರಕಾರ ಅದನ್ನು ಹಿಂತೆಗೆದು, 1912ರಿಂದ ಆನೆಯ ಸೊಂಡಿಲನ್ನು ತಿದ್ದಿತು. ಹಾಗಾಗಿ ಸವೆದಿದ್ದರೂ 1911ಕ್ಕೆ ಬೇಡಿಕೆಯಿದೆ. ಆರನೇ ಜಾರ್ಜನ 1939ರ ರೂಪಾಯಿ ಬಹಳ ಅಪರೂಪ. ಅದಕ್ಕಾಗಿಯೇ 1938ರ ಕೊನೆಯ ಅಂಕಿಯನ್ನು ತಿದ್ದಿ 9 ಮಾಡಿದ್ದಾರೆಯೇ ಎಂದು ಭೂತಗನ್ನಡಿಯಲ್ಲಿ ಅಂಕಿಯ ಬುಡ ನೋಡಬೇಕು.

ಟಂಕಸಾಲೆಯ ಗುರುತನ್ನೂ ಹುಡುಕಿ. ಐದನೇ ಜಾರ್ಜ್ ರೂಪಾಯಿಯ ಹಿಂಬದಿಯಲ್ಲಿ ಕೆಳಗಿನ ಕಮಲದ ಅಡಿ ಉಬ್ಬಿದ ಚುಕ್ಕೆಯಿದ್ದರೆ ಮುಂಬಯಿ, ಇಲ್ಲದಿದ್ದರೆ ಕಲ್ಕತ್ತಾ. ಸವೆದ ನಾಣ್ಯದಲ್ಲಿ ಮಾಯವಾಗುವುದು ಇಂಥ ಸಣ್ಣ ಗುರುತುಗಳೇ. 1862ರ ರೂಪಾಯಿಯ ಚುಕ್ಕೆಗಳನ್ನು ಕೊಳೆಯೆಂದು ತಿಳಿದು ಉಜ್ಜಿದವರು ನಾಣ್ಯದ ವರ್ಷವನ್ನೇ ಅಳಿಸಿದಂತೆ.

12. ಕಥೆ ಕೊಳ್ಳಬೇಡಿ, ನಾಣ್ಯ ಕೊಳ್ಳಿ

ರಾಮ, ಸೀತೆ, ಹನುಮಂತರ ಚಿತ್ರವಿದ್ದು 1616 ಅಥವಾ 1818 ಎಂಬ ಇಸವಿಯೂ ಈಸ್ಟ್ ಇಂಡಿಯಾ ಕಂಪನಿಯ ಹೆಸರೂ ಇರುವ ಬಿಲ್ಲೆಗಳನ್ನು ಲಕ್ಷಗಟ್ಟಲೆ ಬೆಲೆ ಹೇಳಿ ತೋರಿಸುವವರು ನಮ್ಮ ಊರುಗಳಿಗೂ ಬರುತ್ತಾರೆ. ಕಂಪನಿ ಅಂಥ ನಾಣ್ಯ ಎಂದೂ ಒತ್ತಿಲ್ಲ. ಅಕ್ಕಿಯನ್ನು ಸೆಳೆಯುವ ನಾಣ್ಯ ಎನ್ನುವುದು ಶುದ್ಧ ಮೋಸ. ಹಳೆಯ ನಾಣ್ಯ ಕೊಳ್ಳುತ್ತೇವೆಂದು ರಿಸರ್ವ್ ಬ್ಯಾಂಕಿನ ಹೆಸರು ಹೇಳಿ ಮುಂಗಡ ಶುಲ್ಕ ಕೇಳುವವರ ಬಗ್ಗೆ ಆ ಬ್ಯಾಂಕೇ 2021ರ ಆಗಸ್ಟಿನಲ್ಲಿ ಜನರನ್ನು ಎಚ್ಚರಿಸಿತ್ತು.

ಕಾನೂನೂ ಗೊತ್ತಿರಲಿ. ನೂರು ವರ್ಷ ದಾಟಿದ ನಾಣ್ಯ 1972ರ ಪ್ರಾಚ್ಯವಸ್ತು ಕಾಯ್ದೆಯ ಅಡಿ ಬರುತ್ತದೆ, ಅದನ್ನು ದೇಶದ ಹೊರಗೆ ಸಾಗಿಸುವಂತಿಲ್ಲ. ನೆಲ ಅಗೆಯುವಾಗ ನಿಧಿಯಾಗಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ಕನಕದಾಸರಿಗೆ ನೆಲದಲ್ಲಿ ಹೊನ್ನಿನ ನಿಧಿ ಸಿಕ್ಕಿತು, ಅದನ್ನವರು ತಮಗೆಂದು ಇಟ್ಟುಕೊಳ್ಳಲಿಲ್ಲ ಎಂಬ ಕಥೆ ಕೇಳಿ ಬೆಳೆದ ಸೀಮೆ ಇದು. ಸಿಕ್ಕ ನಿಧಿಯನ್ನು ರಾತ್ರೋರಾತ್ರಿ ಕರಗಿಸಿದರೆ ಊರಿನ ಚರಿತ್ರೆಯೇ ಕರಗುತ್ತದೆ.

13. ಇಡುವ ರೀತಿಯೇ ಮುಂದಿನ ದರ್ಜೆ

ಇಂದು 58 ಇರುವ ನಾಣ್ಯವನ್ನು ಹತ್ತು ವರ್ಷದಲ್ಲಿ 45ಕ್ಕೆ ಇಳಿಸುವುದು ಸುಲಭ. ರಬ್ಬರ್ ಬ್ಯಾಂಡ್ ಹಾಕಬೇಡಿ, ಅದರ ಗಂಧಕ ನಾಣ್ಯದ ಮೇಲೆ ಕಪ್ಪು ಪಟ್ಟೆ ಎಳೆಯುತ್ತದೆ. ಮೆತ್ತನೆಯ ಪಿವಿಸಿ ಹಾಳೆಯ ಆಲ್ಬಮ್ ಕಾಲ ಕಳೆದಂತೆ ಹಸಿರು ಜಿಡ್ಡು ಬಿಡುತ್ತದೆ. ಗಟ್ಟಿ ಪ್ಲಾಸ್ಟಿಕ್‌ನ ಗುಂಡು ಡಬ್ಬಿ ಅಥವಾ ಪಿವಿಸಿ ಇಲ್ಲದ ಹಾಳೆ ಹಾಕಿದ ರಟ್ಟಿನ ಚೌಕಟ್ಟು ಒಳ್ಳೆಯದು. ಮಳೆಗಾಲದಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣವೊಂದು ಪೆಟ್ಟಿಗೆಯಲ್ಲಿರಲಿ, ಹೊಸದನ್ನು ಆಗಾಗ ಹಾಕಿ. ಒಂದು ಚೀಟಿಯಲ್ಲಿ ಇಸವಿ, ತೂಕ, ಯಾರ ಮನೆಯಿಂದ ಬಂತು ಎಂದು ಬರೆದಿಡಿ.

ಪತ್ತಾರರ ಬಳಿ ಕರಗಿಸಲು ಒಯ್ಯುವ ಮುನ್ನ ಒಂದೊಂದು ರೂಪಾಯಿಯನ್ನೂ ಒಂದೇ ದೀಪದ ಕೆಳಗೆ ತಿರುಗಿಸಿ ನೋಡಿ. ಬೆಳಕು ತಿರುಗಿದವನ್ನು ಬೇರೆ ಇಡಿ. ಈ ದೀಪಾವಳಿಗೆ ಲಕ್ಷ್ಮಿಯ ಮುಂದೆ ರೂಪಾಯಿ ಇಡುವವರಲ್ಲಿ ನನ್ನದೊಂದೇ ಬೇಡಿಕೆ: ನೀರು ಹಾಕಬೇಡಿ, ಹುಣಸೆ ಹಚ್ಚಬೇಡಿ, ವಿಭೂತಿ ತಿಕ್ಕಬೇಡಿ. ಅಂಚಿನಲ್ಲಿ ಹಿಡಿದು, ಮೆತ್ತನೆಯ ಬಟ್ಟೆಯ ಮೇಲೆ ಹಾಗೆಯೇ ಇಟ್ಟು, ಕುಂಕುಮವನ್ನು ತಟ್ಟೆಗೆ ಹಚ್ಚಿ ಪೂಜೆ ಮಾಡಿ. ಕಪ್ಪಾದ ರೂಪಾಯಿಯೂ ದೇವರಿಗೆ ಸಲ್ಲುತ್ತದೆ.